ಪುಣೆಗೆ ಮುಟ್ಟದ ಗಂಟು

ಗಜೇಂದ್ರಗಡ
೬ ಜೂನ್ ೨೦೦೩

ತಂಗಿ ನಾಜಮೀನಗೆ ಜಮಾಲಸಾಬನ ಸಲಾಮ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವ ರೂಢಿ. ಈ ಸಲ ಆ ಸಾಲು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನಿನ್ನ ವೈನಿ ಕಮರುನ್ನಿಸಾಗೆ ಎರಡು ತಿಂಗಳಿಂದ ಮೂತ್ರದಲ್ಲಿ ರಕ್ತ ಹೋಗುತ್ತಿತ್ತಂತೆ. ಗಂಡನಾದ ನನಗೇ ಹೇಳಿರಲಿಲ್ಲ. ಲಗ್ನದ ದಿನಗಳು, ಮನೆ ತುಂಬ ಗಾದಿ ಹೊಲಿಯುವ ಕೆಲಸ, ಅದು ಮುಗಿಯಲಿ ಎಂದು ಕಾದಳಂತೆ. ಹತ್ತಿ ಹಿಂಜುವ ಮಷಿನ್ನಿನ ಮುಂದೆ ಕುಸಿದು ಕೂತ ಮೇಲೆ ಗದಗಿಗೆ ಒಯ್ದು ಸ್ಕ್ಯಾನ್ ಮಾಡಿಸಿದೆ. ಎಡಗಡೆಯ ಕಿಡ್ನಿಯಲ್ಲಿ ಗಂಟು. ಹುಬ್ಬಳ್ಳಿಯ ಡಾಕ್ಟರು ಇದು ಕ್ಯಾನ್ಸರ್, ಕಿಡ್ನಿ ತೆಗೆಯಬೇಕು, ಪುಪ್ಪುಸದಲ್ಲೂ ಎರಡು ಚುಕ್ಕೆ ಬಿದ್ದಿವೆ ಅಂದರು. ತೆಗೆದ ಮೇಲೆ ಮುಂದೇನು ಎಂದು ಕೇಳಿದೆ. ಈ ಜಾತಿಯ ಕ್ಯಾನ್ಸರಿಗೆ ಔಷಧ ಹೆಚ್ಚು ಹತ್ತುವುದಿಲ್ಲ ಎಂದು ಹೇಳಿ ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಫೋನು ಮಾಡಬಹುದಿತ್ತು. ಆದರೆ ಫೋನಿರುವುದು ಕನಕಪ್ಪನ ಕಿರಾಣಿ ಅಂಗಡಿಯಲ್ಲಿ. ಅಲ್ಲಿ ಬೆಲ್ಲ ಕೊಳ್ಳಲು ಬಂದವರೆಲ್ಲ ಕಿವಿ ಕೊಟ್ಟು ನಿಲ್ಲುತ್ತಾರೆ. ಅದಕ್ಕೇ ಕಾಗದ.

ರೋಗಿಯ ರಕ್ತದ ಕಣಗಳಿಂದಲೇ ಕ್ಯಾನ್ಸರಿಗೆ ಔಷಧ ಮಾಡುತ್ತೇವೆ ಎಂದು ಹೋದ ವರ್ಷ ಈದಿಗೆ ಬಂದಾಗ ನೀನು ಹೇಳಿದ್ದೆ. ಹಂಗಾದರ ಹಸಿವಿಗೂ ರಕ್ತದಾಗ ರೊಟ್ಟಿ ಮಾಡು ಎಂದು ನಾನು ನಗೆಯಾಡಿದ್ದೆ. ಈಗ ನಗುವುದಿಲ್ಲ. ಕಮರುವನ್ನು ಉಳಿಸುತ್ತೀಯೇನು? ಹೌದು, ಇಲ್ಲ, ಎರಡರಲ್ಲಿ ಒಂದು ಬರೆ.

ಜಮಾಲಸಾಬ

*

ಪುಣೆ
೧೪ ಜೂನ್ ೨೦೦೩

ಅಣ್ಣಾ,

ಹೌದು.

ಕಾಗದ ವಾರ್ಡಿನಲ್ಲಿ ನಿಂತೇ ಓದಿದೆ. ಮೂರು ದಿನ ಉತ್ತರ ಬರೆಯಲಾಗಲಿಲ್ಲ, ಕೈತುಂಬ ಕೆಲಸವಿತ್ತು.

ಅವ್ವ ಹೋದಾಗ ನನಗೆ ಒಂಬತ್ತು ವರ್ಷ, ವೈನಿ ಹದಿನೇಳರ ಮದುಮಗಳು. ಏಳನೆಯ ಇಯತ್ತೆ ಮುಗಿಯಿತಲ್ಲ, ಇನ್ನು ಹುಡುಗಿಗೆ ಸಾಲೆ ಯಾಕೆ ಎಂದು ಮಂದಿ ಅಂದಾಗ ನರೇಗಲ್ಲಿನ ಬಸ್ಸಿಗೆ ನನ್ನನ್ನು ಹತ್ತಿಸಲು ದಿನಾಲೂ ಬಂದು ನಿಂತವಳು ಅವಳು. ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಹತ್ತಿರುವುದು ಅವಳ ಹಟದಿಂದ. ಅವಳಿಗೆ ನಾನಿದ್ದೇನೆ ಎಂದು ಹೇಳು.

ಚಿಕಿತ್ಸೆ ಹೀಗೆ. ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಹೊರಗಿನಿಂದ ಬಂದ ರೋಗವನ್ನು ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ಕ್ಯಾನ್ಸರ್ ಹೊರಗಿನದಲ್ಲ, ನಮ್ಮ ಮೈಯದೇ, ಹಾಗಾಗಿ ಅವು ಮೋಸ ಹೋಗುತ್ತವೆ. ನಾವು ರೋಗಿಯ ರಕ್ತದಿಂದ ಆ ಕಣಗಳನ್ನು ಬೇರೆ ಮಾಡಿ, ಅದೇ ರೋಗಿಯ ಗಂಟಿನ ತುಣುಕಿನ ಜೊತೆ ಎಂಟು ದಿನ ಲ್ಯಾಬಿನಲ್ಲಿ ಇಡುತ್ತೇವೆ. ಅವು ಗಂಟಿನ ಗುರುತು ಹಿಡಿಯಲು ಕಲಿಯುತ್ತವೆ. ಕಲಿತ ಮೇಲೆ ತಿರುಗಿ ಮೈಗೆ ಚುಚ್ಚುತ್ತೇವೆ.

ಅದಕ್ಕೆ ಗಂಟಿನ ಹಸಿ ತುಣುಕು ಬೇಕೇ ಬೇಕು, ಮತ್ತು ಅದು ವೈನಿಯದೇ ಆಗಿರಬೇಕು. ದವಾಖಾನೆಯಲ್ಲಿ ರೂಢಿಯಂತೆ ಫಾರ್ಮಾಲಿನ್ ನೀರಿನಲ್ಲಿ ಹಾಕಿಬಿಟ್ಟರೆ ನಮಗೆ ಉಪಯೋಗವಿಲ್ಲ. ಹುಬ್ಬಳ್ಳಿಯ ಸರ್ಜನ್ನರಿಗೆ ಬರೆದಿದ್ದೇನೆ. ಅರ್ಧ ರಿಪೋರ್ಟಿಗೆ ಇಟ್ಟುಕೊಂಡು ಅರ್ಧ ನಿನ್ನ ಕೈಗೆ ಕೊಡುತ್ತಾರೆ. ಥರ್ಮೋಕೋಲಿನ ಪೆಟ್ಟಿಗೆ ಪಾರ್ಸಲ್ ಮಾಡಿದ್ದೇನೆ. ಸುತ್ತಲೂ ಐಸ್ ಹಾಕಿ, ಇಪ್ಪತ್ತನಾಲ್ಕು ತಾಸಿನೊಳಗೆ ಇಲ್ಲಿ ತಂದು ಮುಟ್ಟಿಸು. ಉಳಿದದ್ದು ನನಗೆ ಬಿಡು.

ನಾಜಮೀನ

*

ಗಜೇಂದ್ರಗಡ
೨೫ ಜೂನ್ ೨೦೦೩

ನಾಜಮೀನ,

ನಿನ್ನ ಮೊದಲನೆಯ ಸಾಲು ಓದಿ ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡು ಮಸೀದಿಗೆ ಹೋಗಿಬಂದೆ. ಉಳಿದದ್ದು ಆಮೇಲೆ ಓದಿದೆ. ಕಳ್ಳನ ಅಂಗಿ ಪೊಲೀಸ್ ನಾಯಿಗೆ ಮೂಸಿಸಿದ ಹಾಗೆ ಎಂದು ಕಮರುಗೆ ತಿಳಿಸಿ ಹೇಳಿದೆ. ನಕ್ಕಳು. "ನಾಯಿ ನಂದ, ಕಳ್ಳನೂ ನಂದ" ಅಂದಳು.

ಜುಲೈ ಎಂಟು, ಮಂಗಳವಾರ ಮುಂಜಾನೆ ಆಪರೇಷನ್. ಹುಬ್ಬಳ್ಳಿಯಲ್ಲಿ ಅವಳ ಅಕ್ಕ ಕಾಶೀಂಬಿಯ ಮನೆಯಿದೆ, ಅಲ್ಲಿ ಇರುತ್ತೇವೆ. ಅದೇ ಸಂಜೆಯ ಗಾಡಿಗೆ ಪುಣೆಗೆ ಟಿಕೆಟ್ ತೆಗೆಸಿದ್ದೇನೆ.

ಒಂದು ಮಾತು. ನೀನೇ ಬಂದು ಒಯ್ದರೆ ಚಲೋ. ನಾನು ಒಯ್ಯಲಾರೆ ಎಂದಲ್ಲ. ಹೆಂಗಸಿನ ವಿಷಯ, ನೀನು ಅವಳ ಹತ್ತಿರ ಕೂತು ಎರಡು ಮಾತಾಡಿದರೆ ಅವಳಿಗೆ ಹಗುರಾಗುತ್ತದೆ. ಒಂದು ದಿನ ಸಾಕು.

ಜಮಾಲಸಾಬ

*

ಪುಣೆ
೨ ಜುಲೈ ೨೦೦೩

ಅಣ್ಣಾ,

ಬರಲು ಆಗುವುದಿಲ್ಲ. ಆ ವಾರವೇ ನಮ್ಮ ಲ್ಯಾಬಿನ ತಪಾಸಣೆಗೆ ದಿಲ್ಲಿಯಿಂದ ಮಂದಿ ಬರುತ್ತಾರೆ. ಆಪರೇಷನ್ನಿಗೆ ಹೆದರುವುದು ಎಲ್ಲರಿಗೂ ಇದ್ದದ್ದೇ. ವೈನಿ ಗಟ್ಟಿ ಹೆಂಗಸು, ನನಗಿಂತ ನಿನಗೇ ಹೆಚ್ಚು ಗೊತ್ತು. ಬುಧವಾರ ಬೆಳಿಗ್ಗೆ ಸ್ಟೇಶನ್ನಿನಲ್ಲಿ ನಾನೇ ನಿಂತಿರುತ್ತೇನೆ.

ನಾಜಮೀನ

*

ಪುಣೆ
೧೨ ಜುಲೈ ೨೦೦೩

ಅಣ್ಣಾ,

ಬುಧವಾರ ನಿನ್ನ ಗಾಡಿ ಬಂತು, ನೀನು ಇಳಿಯಲಿಲ್ಲ. ಅದರ ನಂತರದ ಗಾಡಿಗೂ ನಿಂತೆ. ಕನಕಪ್ಪನ ಅಂಗಡಿಗೆ ಫೋನು ಮಾಡಿದರೆ "ಜಮಾಲಸಾಬರು ಹುಬ್ಬಳ್ಳಿಯೊಳಗ ಅದಾರ್ರಿ, ವೈನಿಯೋರು ಚಲೋ ಅದಾರಂತ್ರಿ" ಅಂದ. ದವಾಖಾನೆಯವರು ಆಪರೇಷನ್ ಸರಿಯಾಗಿದೆ ಅಂದರು. ತುಣುಕು ಎಲ್ಲಿ? ಕೂಡಲೇ ಬರೆ.

ನಾಜಮೀನ

*

ಹುಬ್ಬಳ್ಳಿ
೧೯ ಜುಲೈ ೨೦೦೩

ನಾಜಮೀನ,

ಕಮರು ಎದ್ದು ಕೂಡುತ್ತಾಳೆ, ಗಂಜಿ ಕುಡಿಯುತ್ತಾಳೆ. ತುಣುಕಿನ ವಿಷಯ ಏನು ಬರೆಯಲಿ? ಸಿಸ್ಟರ್ ಒಬ್ಬಳು ತಿಳಿಯದೆ ಎಲ್ಲವನ್ನೂ ಆ ಫಾರ್ಮಾಲಿನ್ ನೀರಿನಲ್ಲಿ ಹಾಕಿಬಿಟ್ಟಳು. ಹೀಗಾಗಬಾರದಿತ್ತು, ಆಯಿತು. ಬೇರೆ ದಾರಿ ಇದ್ದರೆ ನೋಡು.

ಜಮಾಲಸಾಬ

*

ಪುಣೆ
೨೬ ಜುಲೈ ೨೦೦೩

ಅಣ್ಣಾ,

ಬೇರೆ ದಾರಿ ಇಲ್ಲ. ಕಿಡ್ನಿಯೊಂದಿಗೆ ಗಂಟು ಹೋಯಿತು. ಪುಪ್ಪುಸದ ಚುಕ್ಕೆಗಳು ಸಣ್ಣವು, ಅವುಗಳಿಂದ ತೆಗೆಯಲಾಗದು.

ಆ ತುಣುಕು ಬಂದಿದ್ದರೆ ನಾನು ವೈನಿಯನ್ನು ಉಳಿಸುತ್ತಿದ್ದೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ವಿಚಾರ ಮಾಡಿಯೇ ಬರೆಯುತ್ತಿದ್ದೇನೆ. ಎಲ್ಲ ತಯಾರಿತ್ತು. ಎಂಟು ದಿನದ ಕೆಲಸ. ಒಬ್ಬ ಹುಡುಗಿಯ ಅಜಾಗರೂಕತೆಯಿಂದ ಒಂದು ಜೀವ ಕೈಬಿಟ್ಟು ಹೋಗುವುದೆಂದರೆ ನನಗೆ ತಡೆಯಲಾಗದು. ಆಪರೇಷನ್ ದಿನ ಡ್ಯೂಟಿಯಲ್ಲಿದ್ದ ಸಿಸ್ಟರಿನ ಹೆಸರು ವಿಚಾರಿಸಿದೆ, ಅನಿತಾ ಎಂದು. ಅವಳ ಮೇಲೆ ಅರ್ಜಿ ಕೊಡುತ್ತಿದ್ದೇನೆ.

ನಾಜಮೀನ

*

ಪುಣೆ
೯ ಸೆಪ್ಟೆಂಬರ್ ೨೦೦೩

ಅಣ್ಣಾ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ನನ್ನ ಮೇಲೆ ಸಿಟ್ಟೇ? ದವಾಖಾನೆಯವರು ಅನಿತಾಳ ವಿಚಾರಣೆ ನಡೆಸಿದ್ದಾರೆ. ತುಣುಕನ್ನು ಪೆಟ್ಟಿಗೆಯಲ್ಲಿಟ್ಟು ರೋಗಿಯ ಯಜಮಾನರ ಕೈಗೇ ಕೊಟ್ಟೆ ಎಂದು ಆ ಹುಡುಗಿ ಅಳುತ್ತಾ ಹೇಳುತ್ತಿದ್ದಾಳಂತೆ. ತಪ್ಪು ಮಾಡಿದವರು ಇನ್ನೇನು ಹೇಳುತ್ತಾರೆ. ನೀನು ಎರಡು ಸಾಲು ಬರೆದುಕೊಟ್ಟರೆ ವಿಚಾರಣೆ ಮುಗಿಯುತ್ತದೆ.

ವೈನಿ ಹೇಗಿದ್ದಾಳೆ?

ನಾಜಮೀನ

*

ಗಜೇಂದ್ರಗಡ
೧೮ ಸೆಪ್ಟೆಂಬರ್ ೨೦೦೩

ನಾಜಮೀನ,

ಆ ಹುಡುಗಿಯ ಮೇಲಿನ ಅರ್ಜಿ ವಾಪಸ್ ತೆಗೆದುಕೋ. ಅವಳು ಹೇಳುವುದು ಖರೇ. ಪೆಟ್ಟಿಗೆ ನನ್ನ ಕೈಗೇ ಕೊಟ್ಟಳು. ಐಸ್ ಕಡಿಮೆಯಾಗಿದೆ ಎಂದು ತಾನೇ ಓಡಿ ಹೋಗಿ ಇನ್ನಷ್ಟು ತಂದು ಹಾಕಿದಳು.

ಆಪರೇಷನ್ನಿನ ಹಿಂದಿನ ದಿನ ಕಮರು ನನ್ನಿಂದ ಮಾತು ತೆಗೆದುಕೊಂಡಿದ್ದಳು. "ನನ್ನ ಮೈಯಾಗಿಂದ ತಗದದ್ದು ಊರೂರು ತಿರಗೂದು ಬ್ಯಾಡ. ಯಾರೋ ಗಂಡಸರು ಅದನ್ನ ಬಾಟ್ಲಿಯೊಳಗ ಇಟ್ಟ ನೋಡೂದು ಬ್ಯಾಡ. ನಮ್ಮ ಕೂಸಿನ ಬಾಜೂಕ ಮಣ್ಣ ಕೊಡ್ರಿ" ಅಂದಳು. ನಿನಗೆ ಗೊತ್ತಲ್ಲ, ಮಗಳು ಗುಲ್ಷನಳ ಹಿಂದೆ ಹುಟ್ಟಿ ಹನ್ನೊಂದು ದಿನ ಇದ್ದು ಹೋದ ಕೂಸು. ಮೈಯಿಂದ ಬೇರೆಯಾದದ್ದು ಬೆರಳಿದ್ದರೂ ಅದಕ್ಕೆ ಮಣ್ಣು ಕೊಡುವುದು ನಮ್ಮಲ್ಲಿ ಪದ್ಧತಿ. ಅಜ್ಜನ ಕಾಲು ಕತ್ತರಿಸಿದಾಗ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕಬರಸ್ತಾನಕ್ಕೆ ಒಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇದು ನಿನ್ನ ಔಷಧಕ್ಕೆ ಬೇಕಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಅಂದಳು: "ನಾಜಮೀನ ಬಂದ ಒಯ್ದರ ಕೊಡ್ರಿ. ಆಕಿ ನನ್ನ ಮಗಳಿದ್ದಂಗ, ಆಕಿ ಮುಂದ ನನಗ ನಾಚಿಕಿ ಇಲ್ಲ. ಆಕಿ ಬರಲಿಲ್ಲಂದ್ರ ಯಾರಿಗೂ ಕೊಡಬ್ಯಾಡ್ರಿ." ನೀನು ಬರುವುದಿಲ್ಲ ಎಂದು ನನಗೆ ಅಷ್ಟೊತ್ತಿಗೆ ಗೊತ್ತಿತ್ತು. ಅವಳನ್ನು ಒಳಗೆ ಒಯ್ಯುವವರೆಗೂ ಬಾಗಿಲ ಕಡೆ ನೋಡುತ್ತಿದ್ದಳು.

ಸ್ಟೇಶನ್ನಿಗೆ ಹೋದೆ ನಾಜಮೀನ. ಟಿಕೆಟ್ ಕಿಸೆಯಲ್ಲಿತ್ತು. ಗಾಡಿ ಬಂದು ನಿಂತಿತು, ನಾನು ಹತ್ತಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಊರಿನ ಬಸ್ಸು ಹಿಡಿದೆ. ಪೆಟ್ಟಿಗೆ ತೊಡೆಯ ಮೇಲಿತ್ತು. ರೋಣದಲ್ಲಿ ಹತ್ತಿದ ಮುದುಕಿಯೊಬ್ಬಳು ನೀರು ಸೋರುವುದನ್ನು ನೋಡಿ "ಮೀನ ಏನೋ ಯಪ್ಪಾ?" ಎಂದು ಕೇಳಿದಳು. ಹೌದಬೇ ಅಂದೆ. ಕೋಟೆಗುಡ್ಡದ ಕೆಳಗೆ ಕೂಸಿನ ಬದಿಗೆ ಗೇಣುದ್ದ ತೆಗ್ಗು ತೋಡಿ ಇಟ್ಟೆ. ಆ ಹೊತ್ತಿನಲ್ಲಿ, ಸುಳ್ಳು ಹೇಳುವುದಿಲ್ಲ, ಮನಸ್ಸಿಗೆ ನಿರಾಳವಾಗಿತ್ತು. ಹೆಂಡತಿ ಕೇಳಿದ ಒಂದು ಮಾತನ್ನಾದರೂ ನಡೆಸಿದೆ ಅನ್ನಿಸಿತ್ತು.

ಆಮೇಲೆ ನಿನ್ನ ಕಾಗದ ಬಂತು. ಆ ತುಣುಕು ಬಂದಿದ್ದರೆ ಉಳಿಸುತ್ತಿದ್ದೆ ಎಂದು ಬರೆದಿದ್ದೀ. ಅಂದಿನಿಂದ ನನಗೆ ಅನ್ನ ಇಳಿಯುವುದಿಲ್ಲ. ಕಮರು ಈಗ ಕೆಮ್ಮಿದರೆ ರಕ್ತ ಬರುತ್ತದೆ. ಪ್ರತಿ ಕೆಮ್ಮಿಗೂ ನಾನು ಗೋಡೆಯ ಕಡೆ ಮುಖ ಮಾಡುತ್ತೇನೆ.

ಇವತ್ತು ಮಧ್ಯಾಹ್ನದ ನಮಾಜು ಮುಗಿಸಿ ಕಬರಸ್ತಾನಕ್ಕೆ ಹೋಗಿ ಆ ತೆಗ್ಗು ತೆಗೆದೆ. ಕಾಯುವ ಉಸ್ಮಾನಸಾಬ "ಏನ ಮಾಡಾಕ ಹತ್ತೀರಿ ಮಾಮಾ?" ಅಂದ. ಕೂಸಿನ ಗೋರಿ ಕುಸಿದಿದೆ, ಸರಿ ಮಾಡುತ್ತಿದ್ದೇನೆ ಅಂದೆ. ಅರಿವೆ ಇತ್ತು. ಒಳಗೆ ಏನು ಉಳಿದಿದೆಯೋ ನನಗೆ ತಿಳಿಯಲಿಲ್ಲ, ಮಣ್ಣು ಕಪ್ಪಗಾಗಿತ್ತು. ಅರಿವೆಯ ಸಮೇತ ಸುತ್ತಲಿನ ಮಣ್ಣನ್ನೂ ತೆಗೆದು, ಐಸ್ ಹಾಕಿ, ಪುಣೆಗೆ ಈರುಳ್ಳಿ ಒಯ್ಯುವ ಲಾರಿಯ ವಸೀಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತೇನೆ. ತಡವಾಗಿದೆ ಎಂದು ಗೊತ್ತು. ನೀವು ದೊಡ್ಡ ದೊಡ್ಡ ಮಷಿನ್ ಇಟ್ಟವರು, ಒಂದು ಕಾಳಿನಷ್ಟು ಸಿಕ್ಕರೂ ನೋಡು. ಕಮರುಗೆ ಇದು ಗೊತ್ತಿಲ್ಲ, ಗೊತ್ತಾಗಬಾರದು.

ಜಮಾಲಸಾಬ

*

ಪುಣೆ
೪ ಅಕ್ಟೋಬರ್ ೨೦೦೩

ಅಣ್ಣಾ,

ಪೆಟ್ಟಿಗೆ ಮುಟ್ಟಿತು. ಲ್ಯಾಬಿನಲ್ಲಿ ಇಟ್ಟಿದ್ದೇನೆ. ನೋಡುತ್ತೇವೆ, ಸಮಯ ಹಿಡಿಯುತ್ತದೆ.

ಅರ್ಜಿ ವಾಪಸ್ ತೆಗೆದುಕೊಂಡೆ. ಅಷ್ಟರಲ್ಲಿ ಆ ಹುಡುಗಿಯನ್ನು ಕೆಲಸದಿಂದ ಬಿಡಿಸಿದ್ದರು. ಈಗ ಎಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ.

ವೈನಿಗೆ ನನ್ನ ಸಲಾಮ.

ನಾಜಮೀನ

*

ಗಜೇಂದ್ರಗಡ
೨೦ ಅಕ್ಟೋಬರ್ ೨೦೦೩

ನಾಜಮೀನ,

ಇನ್ನೂ ಎಷ್ಟು ದಿನ? ನೀನು ಔಷಧ ತಯಾರು ಮಾಡುತ್ತಿದ್ದೀ ಎಂದಷ್ಟೇ ಕಮರುಗೆ ಹೇಳಿದ್ದೇನೆ. ದಿನಾ ಅಂಚೆಯವನ ಸೈಕಲ್ಲಿನ ಸಪ್ಪಳಕ್ಕೆ ತಲೆಯೆತ್ತುತ್ತಾಳೆ. ಬೆನ್ನಿನ ಎಲುಬಿಗೂ ಬಂದಿದೆ ಅಂದರು. ಎಷ್ಟೋ ಮಂದಿಗೆ ಗಾದಿ ಹೊಲಿದ ಹೆಂಗಸು, ಈಗ ಯಾವ ಗಾದಿಯ ಮೇಲೂ ಮಲಗಲಾರಳು. ಹೊಸ ಹತ್ತಿ ತುಂಬಿ ಮೂರು ಸಲ ಬಿಚ್ಚಿ ಹೊಲಿದೆ. ಚುಚ್ಚುತ್ತದೆ ಅನ್ನುತ್ತಾಳೆ. "ನಾಜೂನ ಔಷಧ ಬಂತೇನ್ರಿ?" ಎಂದು ಕೇಳಿದಾಗ "ನಾಳೆ ಬರತೈತಿ" ಅನ್ನುತ್ತೇನೆ. ಅವಳು "ಹೂಂ" ಅನ್ನುತ್ತಾಳೆ.

ಏನಾದರೂ ಕಳಿಸು.

ಜಮಾಲಸಾಬ

*

ಪುಣೆ
೮ ಜನವರಿ ೨೦೦೪

ಅಣ್ಣಾ,

ಅಕ್ಟೋಬರಿನ ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ರಮಜಾನಿನ ಹದಿನೈದನೆಯ ರೋಜಾದ ದಿನ ಕನಕಪ್ಪ ಫೋನು ಮಾಡಿದಾಗ ಮಾತ್ರ ಬಂದೆ. ನಾನು ಬರುವ ಹೊತ್ತಿಗೆ ವೈನಿಗೆ ಮಣ್ಣು ಕೊಟ್ಟಾಗಿತ್ತು. ಮೂರು ದಿನ ಇದ್ದೆ. ನೀನು ನನ್ನ ಕಣ್ಣು ತಪ್ಪಿಸಿದೆ, ನಾನು ನಿನ್ನ ಕಣ್ಣು ತಪ್ಪಿಸಿದೆ. ನೀನು ಯಾಕೆ ಎಂದು ನನಗೆ ಗೊತ್ತಿತ್ತು. ನಾನು ಯಾಕೆ ಎಂದು ನಿನಗೆ ಗೊತ್ತಿರಲಿಲ್ಲ. ಬಾಯಲ್ಲಿ ಹೇಳಲಾಗದೆ ತಿರುಗಿ ಬಂದು ಬರೆಯುತ್ತಿದ್ದೇನೆ. ಕೂತು ಓದು.

ಆ ತುಣುಕು ಬಂದಿದ್ದರೂ ವೈನಿ ಉಳಿಯುತ್ತಿರಲಿಲ್ಲ.

ಈ ಚಿಕಿತ್ಸೆಯನ್ನು ನಾವು ಇದುವರೆಗೆ ಹದಿನಾಲ್ಕು ಜನರಿಗೆ ಕೊಟ್ಟಿದ್ದೇವೆ. ಉಳಿಸುತ್ತೀಯೇನು ಎಂದು ನೀನು ಜೂನಿನಲ್ಲಿ ಕೇಳಿದಾಗಲೇ ಒಂಬತ್ತು ಜನ ಹೋಗಿದ್ದರು. ಈಗ ಹದಿಮೂರು. ಉಳಿದಿರುವುದು ಸೊಲ್ಲಾಪುರದ ಒಬ್ಬ ಅಜ್ಜಿ. ಅವಳ ರೋಗವೇ ಮೆಲ್ಲಗೆ ಬೆಳೆಯುವಂಥದ್ದು, ನಮ್ಮ ಸೂಜಿ ಇಲ್ಲದಿದ್ದರೂ ಇರುತ್ತಿದ್ದಳು. ಕಣಗಳು ಗಂಟನ್ನು ಗುರುತಿಸುವುದು ಲ್ಯಾಬಿನ ಗಾಜಿನೊಳಗೆ ಕಾಣುತ್ತದೆ, ನಾನೇ ಕಂಡಿದ್ದೇನೆ. ಮೈಯೊಳಗೆ ಹೋದ ಮೇಲೆ ಅವು ಏನು ಮಾಡುತ್ತವೆ ಎಂಬುದು ನಮಗೆ ತಿಳಿದಿಲ್ಲ. ಮುಂದೆ ಯಾವಾಗಲೋ ಯಾರಿಗೋ ತಿಳಿಯಬಹುದು. ಇದು ಚಿಕಿತ್ಸೆ ಅಲ್ಲ ಅಣ್ಣಾ, ಪ್ರಯೋಗ. ಇಷ್ಟನ್ನು ಬರೆಯಲು ನನಗೆ ಆಗ ಒಂದು ಸಾಲು ಸಾಕಿತ್ತು. ಮೂರು ದಿನ ಕೂತು ನಾಲ್ಕು ಕಾಗದ ಬರೆದು ಹರಿದೆ. ವೈನಿಯ ವಿಷಯದಲ್ಲಿ ಇಲ್ಲ ಎಂದು ಬರೆಯಲು ಕೈ ಏಳಲಿಲ್ಲ.

ತಪಾಸಣೆ ಇತ್ತೆಂದು ಬರೆದದ್ದು ಸುಳ್ಳು. ಅವಳ ಎದುರು ಕೂತು ನೀನು ಉಳಿಯುತ್ತೀ ಎಂದು ಹೇಳಬೇಕಾಗುತ್ತದೆ, ಅವಳು ನನ್ನ ಮುಖ ನೋಡಿ ತಿಳಿದುಕೊಂಡುಬಿಡುತ್ತಾಳೆ ಎಂದು ಹೆದರಿದೆ. ಸಣ್ಣವಳಿದ್ದಾಗಿನಿಂದ ಅವಳ ಮುಂದೆ ನನ್ನ ಸುಳ್ಳು ಒಂದೂ ನಡೆದಿಲ್ಲ.

ಇನ್ನೂ ಒಂದಿದೆ. ಪೆಟ್ಟಿಗೆ ಬರುವುದಿಲ್ಲ ಎಂದು ತಿಳಿದಾಗ ನನಗೆ ಮೊದಲು ಆದದ್ದು ಸಮಾಧಾನ. ಇನ್ನು ವೈನಿ ಹೋದರೂ ನನ್ನ ಕೈಯಲ್ಲಿ ಹೋದಳು ಎಂದಾಗುವುದಿಲ್ಲ ಅನ್ನಿಸಿತು. ಸಿಟ್ಟು ಆಮೇಲೆ ತಂದುಕೊಂಡದ್ದು. ಆ ಸಿಟ್ಟಿನಲ್ಲಿ ಅನಿತಾಳ ಅನ್ನ ಕಳೆದೆ, ನಿನ್ನ ಎದೆಯ ಮೇಲೆ ಕಲ್ಲು ಹೇರಿದೆ. ನೀನು ಕಳಿಸಿದ ಮಣ್ಣು ನೋಡಿ ಪೆಟ್ಟಿಗೆಯ ಮುಚ್ಚಳ ಹಾಕಿ ಅತ್ತೆ. ಆಗಲಾದರೂ ಹೇಳಬೇಕಿತ್ತು. ನೋಡುತ್ತೇವೆ ಎಂದು ಬರೆದೆ.

ನೀನು ಮಾಡಿದ್ದರಲ್ಲಿ ತಪ್ಪಿಲ್ಲ. ವೈನಿ ಕೇಳಿದ್ದನ್ನು ನಡೆಸಿದವನು ನೀನೊಬ್ಬನೇ. ನನ್ನನ್ನು ಮಾಫ್ ಮಾಡು ಎಂದು ಕೇಳುವುದಿಲ್ಲ. ಇದನ್ನು ನಂಬು, ಅಷ್ಟೇ ಸಾಕು.

ನಾಜಮೀನ

*

ಗಜೇಂದ್ರಗಡ
೧೨ ಫೆಬ್ರುವರಿ ೨೦೦೪

ನಾಜಮೀನ,

ಕಾಗದ ಎರಡು ಸಲ ಓದಿದೆ. ಗುಲ್ಷನಳೂ ಓದಿದಳು. "ಅತ್ತಿ ಎಷ್ಟ ಒಳ್ಳೇಕಿ ಅದಾಳ" ಅಂದಳು.

ನೀನು ಮೊದಲಿನಿಂದಲೂ ಹೀಗೆಯೇ. ನನ್ನ ಎರಡು ಬೆರಳು ಹತ್ತಿಯ ಮಷಿನ್ನಿಗೆ ಸಿಕ್ಕಾಗ ನೀನು ಆರನೆಯ ಇಯತ್ತೆ. ನಾನು ತೂಕಡಿಸಿ ಕೈ ಕೊಟ್ಟಿದ್ದೆ. "ನಾನೇ ಗುಂಡಿ ಒತ್ತಿದೆ" ಎಂದು ಅಪ್ಪನ ಮುಂದೆ ತಪ್ಪನ್ನು ಮೈಮೇಲೆ ಎಳೆದುಕೊಂಡು ಬಡಿಸಿಕೊಂಡವಳು ನೀನು. ಈಗಲೂ ಅದನ್ನೇ ಮಾಡುತ್ತಿದ್ದೀ. ನಾನು ಊಟ ಬಿಟ್ಟಿದ್ದೇನೆ ಎಂದು ಯಾರೋ ನಿನಗೆ ಹೇಳಿರಬೇಕು. ಅಣ್ಣ ಉಳಿಯಲಿ ಎಂದು ನಿನ್ನ ವಿದ್ಯೆಯನ್ನೇ ಸುಳ್ಳು ಮಾಡಿಕೊಂಡು ಬರೆದಿದ್ದೀ. ತಂಗಿಯ ಇಷ್ಟು ಪ್ರೀತಿಗೆ ನಾನು ಯೋಗ್ಯನಲ್ಲ.

ಯಾವುದು ಖರೇ ಎಂದು ನನಗೆ ಗೊತ್ತು. ಮೊದಲ ಕಾಗದದಲ್ಲಿ ನೀನು ಹೌದು ಎಂದು ಬರೆದಿದ್ದೆ, ಆಗ ನಿನಗೆ ಯಾರನ್ನೂ ಸಮಾಧಾನ ಮಾಡುವ ಗರಜು ಇರಲಿಲ್ಲ. ಹದಿನಾಲ್ಕರಲ್ಲಿ ಒಬ್ಬಳು ಉಳಿದಿದ್ದಾಳೆ ಎಂದು ಈ ಕಾಗದದಲ್ಲೂ ನಿನ್ನ ಕೈಯಿಂದಲೇ ಬಂದಿದೆ. ಅವಳು ಕಮರು ಆಗಬಹುದಿತ್ತು. ನಾನು ಗಾಡಿ ಹತ್ತಲಿಲ್ಲ. ಕಮರುವಿನ ನಾಲ್ವತ್ತನೆಯ ದಿನ ಜಮಾತಿನವರ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ಕಾಶೀಂಬಿ ಎದ್ದು ಹೋದಳು, ಅಂದಿನಿಂದ ಮಾತು ಬಿಟ್ಟಿದ್ದಾಳೆ. ಬಿಡುವುದೇ ಸರಿ.

ನಾನು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದೇನೆ. ನಮಗೆ ಹತ್ತಿ ಕೊಡುವ ಬೆಳವಣಕಿಯ ಪರಶಪ್ಪನ ಹೆಂಡತಿ ಮಾನವ್ವಗೆ ಇದೇ ರೋಗ ಬಂದಿದೆ. ಮೂರು ಮಕ್ಕಳ ತಾಯಿ, ಮೂವತ್ತೂ ತುಂಬಿಲ್ಲ. ಇನ್ನು ಫಾಯದೆ ಇಲ್ಲ ಎಂದು ಅವರು ಆಪರೇಷನ್ನನ್ನೇ ಬೇಡ ಅಂದಿದ್ದರು. ನಾನು ನಾಲ್ಕು ಸಲ ಅವರ ಮನೆಗೆ ಹೋಗಿ, ನಿನ್ನ ಹೆಸರು ಹೇಳಿ ಒಪ್ಪಿಸಿದೆ. ಬರುವ ಮಂಗಳವಾರ ಹುಬ್ಬಳ್ಳಿಯಲ್ಲಿ ತೆಗೆಯುತ್ತಾರೆ. ನಾನು ಬಾಗಿಲಲ್ಲೇ ನಿಂತಿದ್ದು ತುಣುಕನ್ನು ಕೈಯಾರೆ ಇಸಿದುಕೊಂಡು, ನೀನು ಬರೆದಿದ್ದ ಹಾಗೆಯೇ ಐಸಿನಲ್ಲಿಟ್ಟು ಪರಶಪ್ಪನನ್ನು ಸಂಜೆಯ ಗಾಡಿಗೆ ಹತ್ತಿಸುತ್ತೇನೆ. ಗಾಡಿ ಬಿಡುವವರೆಗೂ ಅಲ್ಲಿಂದ ಕದಲುವುದಿಲ್ಲ.

ಈ ಕಾಗದ ಮುಟ್ಟುವುದಕ್ಕೂ ಅವನು ಮುಟ್ಟುವುದಕ್ಕೂ ಬಹಳ ಅಂತರ ಇರಲಿಕ್ಕಿಲ್ಲ. ಪರಶಪ್ಪನಿಗೆ ಹಿಂದಿ ಬರುವುದಿಲ್ಲ, ಸ್ಟೇಶನ್ನಿಗೆ ನೀನೇ ಹೋಗು. ಭಾಳ ಹೆದರಿದ್ದಾನೆ, ನಿನ್ನನ್ನು ನೋಡಿದ ಕೂಡಲೇ ಅವನು ಕೇಳುವುದು ಒಂದೇ ಮಾತು. ನನಗೆ ಬರೆದ ಹಾಗೆಯೇ ಅವನಿಗೂ ಹೌದು ಅನ್ನು.

ಜಮಾಲಸಾಬ